ಆಂಜಿನಮ್ಮನ ಮೂರು ಕೋಡ್‌ಗಳು

ಚಿಂತಾಮಣಿಯ ಆ ನರ್ಸಿಂಗ್ ಹೋಮಿನಲ್ಲಿ ಇನ್ಶೂರೆನ್ಸಿಗೆ ಕಳಿಸುವ ಬಿಲ್ಲಿನಲ್ಲಿ ಪ್ರತಿ ಚಿಕಿತ್ಸೆಗೂ ಅದರದರ ಕೋಡ್ ಹಾಕುವ ಕೆಲಸಕ್ಕೆ ಸೇರಿ ಅರ್ಫಾಗೆ ಇಪ್ಪತ್ತು ದಿನವಾಗಿತ್ತು. ಅಷ್ಟರಲ್ಲೇ ಇನ್ಶೂರೆನ್ಸ್ ಕಂಪನಿಯವರ ಮೇಲೆ ಇಪ್ಪತ್ತು ವರ್ಷಕ್ಕಾಗುವಷ್ಟು ಸಿಟ್ಟು ಬಂದಿತ್ತು.

ಕೆಂಚಾರ್ಲಹಳ್ಳಿಯ ಆಂಜಿನಮ್ಮನಿಗೆ ಒಂದೇ ಆಪರೇಷನ್ನಿನಲ್ಲಿ ಮೂರು ಕೆಲಸ ಆಗಿದ್ದವು. ಗರ್ಭಕೋಶ ತೆಗೆದಿದ್ದರು, ಜೊತೆಗೆ ಅಂಡಾಶಯಗಳನ್ನೂ ತೆಗೆದಿದ್ದರು, ಜಾರಿದ್ದ ಮೂತ್ರಕೋಶವನ್ನು ಮೇಲೆತ್ತಿ ಹೊಲಿದಿದ್ದರು. ಅರ್ಫಾ ಮೂರಕ್ಕೂ ಮೂರು ಕೋಡ್ ಹಾಕಿದಳು. ಒಂದು ಕೋಡ್ ಇನ್ನೊಂದರೊಳಗೇ ಸೇರಿದೆ ಎಂದು ಕಂಪನಿಯಿಂದ ಇಡೀ ಬಿಲ್ಲು ವಾಪಸ್ಸು ಬಂತು. ಉದ್ದನೆಯ ಪತ್ರ ಬರೆದು ಮತ್ತೆ ಕಳಿಸಿದಳು. ಅದೂ ವಾಪಸ್ಸು. ಕಂಪನಿಯ ಒಪ್ಪಿಗೆ ಬಾರದೆ ಆಂಜಿನಮ್ಮನನ್ನು ಮನೆಗೆ ಕಳಿಸುವಂತಿಲ್ಲ, ಇಂದು ಶನಿವಾರ, ಐದು ಗಂಟೆಗೆ ಅವರ ಆಫೀಸು ಮುಚ್ಚಿದರೆ ಇನ್ನು ಸೋಮವಾರವೇ.

ಆಂಜಿನಮ್ಮ ಗೋಡೆ ಹಿಡಿದುಕೊಂಡು ಕೌಂಟರಿಗೆ ಬಂದಳು.

"ಅರ್ಫಮ್ಮ, ಮನೇಲಿ ರೇಷ್ಮೆಹುಳ ಹಣ್ಣಾಗವೆ. ಗೂಡು ಕಟ್ಟೋಕೆ ಇವತ್ತೇ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡ್ಬೇಕು. ಸೊಸೆಗೆ ಇದು ಮೊದಲನೇ ಬೆಳೆ, ಏನೂ ಗೊತ್ತಾಗಲ್ಲ. ನಾನು ಕೂತ್ಕೊಂಡು ತೋರಿಸಿದ್ರೆ ಸಾಕು."

"ಮೂರು ಕೆಲಸ ಆಗಿದ್ದು ನಿಜ ಅಕ್ಕ. ಮೂರೂ ಬರ್ದಿದೀನಿ. ಎಲ್ಲಾನೂ ಬೇಡ ಅಂತಾರೆ."

"ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಲ್ಲೂ ಹಂಗೇ ಕಣಮ್ಮ. ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು ನಾಲ್ಕು ಕಂಡ್ರೆ ಇಡೀ ಲಾಟಿಗೇ ಮೂಗು ಮುರೀತಾರೆ. ಅದಕ್ಕೇ ನಾವು ಮನೇಲೇ ಆರಿಸಿ ತೆಗೆದುಬಿಡ್ತೀವಿ."

ಜೋಡಿ ಗೂಡು ಎಂದದ್ದೇ ಅರ್ಫಾ ಕಂಪ್ಯೂಟರಿನ ಕಡೆ ತಿರುಗಿದಳು. ಕೋಡ್ ಪಟ್ಟಿ ತೆರೆದಳು. ಗರ್ಭಕೋಶದ ಕೋಡ್‌ನ ವಿವರದಲ್ಲೇ 'ಅಂಡಾಶಯ ಸಮೇತ' ಎಂದಿತ್ತು. ಒಂದು ಕೆಲಸಕ್ಕೆ ಎರಡು ಕೋಡ್ ಹಾಕಿದವಳು ತಾನೇ, ಬೆಳಗಿನಿಂದ ಬೈದದ್ದು ಮಾತ್ರ ಕಂಪನಿಯವರನ್ನು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಮೂತ್ರಕೋಶದ್ದು ಬೇರೆಯೇ ಕೆಲಸ, ಅದರ ಕೋಡಿಗೆ ಒಪ್ಪಿಗೆ ಸಿಕ್ಕೇ ಸಿಗುತ್ತದೆ. ಆಂಜಿನಮ್ಮ ನೋಡುತ್ತಿದ್ದಂತೆಯೇ ಅಂಡಾಶಯದ ಕೋಡ್ ಅಳಿಸಿ, ಆಪರೇಷನ್ ಮಾಡಿದ ಡಾಕ್ಟರ್ ವಜೀರುನ್ನೀಸಾ ಬರೆದಿದ್ದ ಆಪರೇಷನ್ ವಿವರ ಲಗತ್ತಿಸಿ, ನಾಲ್ಕೂವರೆಗೆ ಕಳಿಸಿದಳು.

ಐದಕ್ಕೆ ಏಳು ನಿಮಿಷ ಇರುವಾಗ ಒಪ್ಪಿಗೆ ಬಂತು, ಎರಡೂ ಕೋಡಿಗೆ. ಅರ್ಫಾ ಚಪ್ಪಲಿಯನ್ನೂ ಮೆಟ್ಟದೆ ವಾರ್ಡಿಗೆ ಓಡಿದಳು.

ಆಂಜಿನಮ್ಮ ಆಗಲೇ ಮನೆಯ ಸೀರೆ ಉಟ್ಟು, ಬ್ಯಾಗು ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು.

"ನಾನಿನ್ನೂ ಹೇಳೇ ಇಲ್ವಲ್ಲ ಅಕ್ಕ."

"ಜೋಡಿ ಗೂಡು ಆರಿಸಿ ತೆಗೆದ ಮೇಲೆ ಯಾರಮ್ಮ ಬೇಡ ಅಂತಾರೆ?" ಎಂದ ಆಂಜಿನಮ್ಮ ಸೊಸೆಗೆ ಫೋನು ಹಚ್ಚಿ ಕಿವಿಗಿಟ್ಟುಕೊಂಡಳು. "ಬರ್ತಾ ಇದೀನಿ ಕಣೇ. ನಾನು ಬರೋವರೆಗೂ ಒಂದು ಹುಳಾನೂ ಮುಟ್ಬೇಡ."