ಗುಂಡಿಗೆ ‘ಬಿಡು’ ಕಲಿಸಿದ್ದು

ಇದನ್ನು ಬರೆಯುವ ಯೋಗ್ಯತೆ ನನಗಿದೆಯೇ ಎಂದು ಮೂರು ಸಲ ಕೇಳಿಕೊಂಡೆ. ಮೂರು ಸಲವೂ ಇಲ್ಲ ಅಂತಲೇ ಅನ್ನಿಸಿತು. ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುವವಳು ನಾನು. ಓದಿದ್ದು ಸಂಜೆ ತರಗತಿಯಲ್ಲಿ, ಅದೂ ಒಂದು ಸಲ ಫೇಲಾಗಿ. ನಾಯಿ ಪಳಗಿಸಿದವರು, ಕೋಳಿ ಸಾಕಿದವರು ಬೇಕಾದಷ್ಟು ಜನ ಇದ್ದಾರೆ. ಅವರು ಓದಿ ನಕ್ಕರೆ ತಪ್ಪಿಲ್ಲ, ಮನ್ನಿಸಿದರೆ ಉಪಕಾರ. ಆದರೆ ಆ ಭಾನುವಾರ ಹಿತ್ತಲಲ್ಲಿ ನಡೆದದ್ದನ್ನು ಅಕ್ಕ ದಿನಕ್ಕೊಂದು ರೀತಿ ಹೇಳುತ್ತಾಳೆ, ಭಾವ ಹೇಳುವುದೇ ಇಲ್ಲ. ಹಾಗಾಗಿ ಈ ಧೈರ್ಯ.

ಗುಂಡಿ ನಮ್ಮ ಅಂಗಡಿಯ ನಾಯಿ. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಚಿಂದಿಯ ರಾಶಿಯಲ್ಲಿ ಬೆಳೆದದ್ದು. ಮರಿಯಾಗಿದ್ದಾಗ ಕೋಟಿನ ದೊಡ್ಡ ಗುಂಡಿಯೊಂದನ್ನು ನುಂಗಿ, ಅದು ಹೊರಗೆ ಬರುವವರೆಗೆ ಎರಡು ದಿನ ಎಲ್ಲರನ್ನೂ ಕಾಯಿಸಿತ್ತು. ಹೆಸರು ಬಂದದ್ದು ಹಾಗೆ. ಅಂಗಡಿ ಮೂರನೇ ಮಹಡಿಗೆ ಹೋದಾಗ ಅಲ್ಲಿ ನಾಯಿಗೆ ಪ್ರವೇಶವಿಲ್ಲ ಎಂದರು. ನಾನು ಅದನ್ನು ಅಕ್ಕನ ಮನೆಗೆ ಕರೆತಂದೆ. ನಾನಿರುವುದೂ ಅಲ್ಲೇ, ಮುಂದಿನ ಕೋಣೆಯಲ್ಲಿ. ಹಿತ್ತಲಲ್ಲಿ ಇರುವುದು ಅಕ್ಕನ ಆರು ಕೋಳಿಗಳು.

ಬಂದ ಮೊದಲ ಗಳಿಗೆಯಲ್ಲೇ ಗುಂಡಿ ಹಿತ್ತಿಲ ಬಾಗಿಲಲ್ಲಿ ನಿಂತು, ಒಂದು ಕಾಲು ಮೇಲೆತ್ತಿ, ಉಸಿರು ಬಿಗಿಹಿಡಿದು ಕೋಳಿಗಳನ್ನು ನೋಡಿತು. ಅಕ್ಕ ಗುಂಡಿಯನ್ನು ನೋಡಿದಳು. ಆಮೇಲೆ ನನ್ನನ್ನು.

“ಹದಿನೈದು ದಿನ ಕೊಡ್ತೀನಿ ಕಣೇ. ಅಷ್ಟರಲ್ಲಿ ಇದಕ್ಕೆ ಬುದ್ಧಿ ಬರ್ಲಿಲ್ಲ ಅಂದ್ರೆ ಮರದ ಮಿಲ್ಲಿನ ವಾಚ್‌ಮನ್ ಕೇಳ್ತಿದ್ದಾನೆ, ಅವನಿಗೆ ಕೊಟ್ಬಿಡೋದೇ.”

ಮಿಲ್ಲಿನ ಹಳೆಯ ನಾಯಿಯನ್ನು ನಾನು ನೋಡಿದ್ದೆ. ಅದರ ಸರಪಳಿ ಎಷ್ಟು ದೂರ ಹೋಗುತ್ತಿತ್ತೋ ಅಷ್ಟು ದೂರ ನೆಲದಲ್ಲಿ ಹುಲ್ಲೇ ಇರಲಿಲ್ಲ, ದುಂಡಗೆ ಸವೆದುಹೋಗಿತ್ತು. ಆ ದುಂಡನೆಯ ಮಣ್ಣು ನನ್ನ ಕಣ್ಣಿಗೆ ಕಟ್ಟಿತು. ಮರುದಿನವೇ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಪಶು ಆಸ್ಪತ್ರೆಗೆ ಓಡಿದೆ. ಡಾಕ್ಟರ್ ಇರಲಿಲ್ಲ, ಕಾಂಪೌಂಡರ್ ಇದ್ದ. ಅವನು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೊದಲು ಜಾಲರಿಯ ಆಚೆ ಕೋಳಿ, ಈಚೆ ನಾಯಿ, ಕೊರಳಲ್ಲಿ ಹಗ್ಗ. ಚೆನ್ನಾಗಿ ಓಡಾಡಿಸಿ ಸುಸ್ತು ಮಾಡಿಸಿದ ಮೇಲೆಯೇ ಹತ್ತಿರ ತರುವುದು. ನೆಟ್ಟ ನೋಟ ನೋಡಲು ಬಿಡಬಾರದು. ಕೋಳಿಯಿಂದ ಮುಖ ತಿರುಗಿಸಿದ ತಕ್ಷಣ ತಿನ್ನಲು ಏನಾದರೂ ಕೊಡಬೇಕು. ಹೊಡೆಯಬಾರದು.

“ಮುಖ್ಯ ಇದು ಮೇಡಂ,” ಎಂದ. “ಒಂದೇ ಒಂದು ಮಾತು ಇಟ್ಕೊಳ್ಳಿ. ಆ ಮಾತು ಕೇಳಿದ್ರೆ ಕೋಳಿ ಕಡೆ ನೋಡಬಾರ್ದು ಅಂತ ಅದಕ್ಕೆ ಗೊತ್ತಾಗ್ಬೇಕು. ಬೇರೆ ಯಾವುದಕ್ಕೂ ಆ ಮಾತು ಬಳಸಬೇಡಿ.”

ನಾನು ರಾತ್ರಿಯೆಲ್ಲ ಯೋಚಿಸಿ ಒಂದು ಮಾತು ಆರಿಸಿದೆ. ಚಿಕ್ಕದು, ಸ್ಪಷ್ಟ, ಅರ್ಥವೂ ಸರಿ. ಬಿಡು.

ಈಗ ಓದುತ್ತಿರುವವರಿಗೆ ನನ್ನ ದಡ್ಡತನ ಆಗಲೇ ಗೊತ್ತಾಗಿರಬಹುದು. ನನಗೆ ಗೊತ್ತಾಗಲು ಒಂಬತ್ತು ದಿನ ಬೇಕಾಯಿತು.

ಮೊದಲ ವಾರ ಎಲ್ಲ ಚೆನ್ನಾಗಿಯೇ ನಡೆಯಿತು. ಸೈಕಲ್ ರಿಪೇರಿ ಮಾಡುವ ಭಾವ ಹಳೆಯ ತಂತಿಜಾಲರಿ ತಂದು ಹಿತ್ತಿಲನ್ನು ಎರಡು ಭಾಗ ಮಾಡಿಕೊಟ್ಟರು. ನಾನು ಬೆಳಿಗ್ಗೆ ಗುಂಡಿಯನ್ನು ನಾಲ್ಕು ಬೀದಿ ಸುತ್ತಿಸಿ ತಂದು, ಜಾಲರಿಯಿಂದ ಹತ್ತು ಹೆಜ್ಜೆ ದೂರ ನಿಲ್ಲಿಸಿ, “ಬಿಡು” ಎನ್ನುತ್ತಿದ್ದೆ. ಮುಖ ತಿರುಗಿಸಿದರೆ ಬೇಯಿಸಿದ ಮೊಟ್ಟೆಯ ಚೂರು.

ಅಕ್ಕ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು. “ಅಲ್ವೇ, ತಾಯಿನ ತಿನ್ನದೇ ಇದ್ದಿದ್ದಕ್ಕೆ ಮಕ್ಕಳನ್ನ ಬೇಯಿಸಿ ತಿನ್ನಿಸ್ತಿದ್ದೀಯಲ್ಲೇ! ಇದ್ಯಾವ ಊರಿನ ನ್ಯಾಯ?”

ನನಗೆ ಅದು ನಿಜ ಅನ್ನಿಸಿ ಅವತ್ತು ಊಟ ಸೇರಲಿಲ್ಲ.

ಎಂಟನೇ ದಿನ ಜಾಲರಿಗೆ ಮೂಗು ತಾಗುವಷ್ಟು ಹತ್ತಿರ ಹೋದೆವು. ಒಂಬತ್ತನೇ ದಿನ ಗುಂಡಿ ನನ್ನ ಮಾತಿಗೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. “ಬಿಡು” ಎಂದೆ. ಅದು ಕೋಳಿಗಳನ್ನೇ ನೋಡುತ್ತಿತ್ತು. ಮತ್ತೆ ಎಂದೆ. ಗೋಡೆಗೆ ಹೇಳಿದ ಹಾಗೆ.

ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕನ ದನಿ ಕೇಳಿಸಿತು. ಫೋನಿನಲ್ಲಿ ತನ್ನ ನಾದಿನಿಯ ಜೊತೆ ಮಾತಾಡುತ್ತಿದ್ದಳು. “ಅವಳ ವಿಷಯ ಬಿಡು… ಅಯ್ಯೋ, ಅದೆಲ್ಲ ಈಗ್ಯಾಕೆ ಬಿಡು… ಆಯ್ತು ಬಿಡು, ನೀನು ಹೇಳಿದ್ಮೇಲೆ ಮುಗೀತು ಬಿಡು…”

ನಾನು ಅಲ್ಲೇ ಬಕೆಟ್ಟಿನ ಮೇಲೆ ಕುಳಿತುಬಿಟ್ಟೆ. ನಲವತ್ತು ವರ್ಷ ಕೇಳಿದ ಮಾತು! ಕೇಳಿ ಕೇಳಿ ನನ್ನ ಕಿವಿಗೆ ಅದು ಬೀಳುವುದೇ ನಿಂತುಹೋಗಿತ್ತು. ನಾಯಿಗೆ ಹಾಗಲ್ಲ. ಪಾಪ, ಅದು ಒಂದು ವಾರ ಅಕ್ಕನ ಒಂದೊಂದು ‘ಬಿಡು’ಗೂ ಮುಖ ತಿರುಗಿಸಿ ಮೊಟ್ಟೆಗೆ ಕಾದು, ಕಾದು, ಕೊನೆಗೆ ಇದು ಈ ಮನೆಯವರು ಮಾಡುವ ಸದ್ದು ಎಂದು ತೀರ್ಮಾನಿಸಿತ್ತು.

ಕಾಂಪೌಂಡರ್ ಎಲ್ಲ ಕೇಳಿ ಗಂಭೀರವಾಗಿ ಹೇಳಿದ: “ಪದ ಬದಲಾಯಿಸಿ ಮೇಡಂ. ಇಲ್ಲಾಂದ್ರೆ ಅಕ್ಕನ್ನ ಬದಲಾಯಿಸಿ.”

ನಾನು ಎರಡನ್ನೂ ಪ್ರಯತ್ನಿಸಿದೆ. ಆ ಸಂಜೆ ಅಕ್ಕನ ಹತ್ತಿರ ಹೋಗಿ, ಬೇಜಾರು ಮಾಡಿಕೊಳ್ಳಬೇಡ ಎಂದು ಎರಡು ಸಲ ಹೇಳಿ, ವಿಷಯ ತಿಳಿಸಿದೆ.

“ನಾನಾ? ನಾನೆಲ್ಲೇ ಅಷ್ಟು ಸಲ ಅಂತೀನಿ?”

“ಅಂತೀಯ ಅಕ್ಕ.”

“ರೀ, ನಾನು ಅಂತೀನಾ?”

ಭಾವ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದರು. ತಲೆ ಎತ್ತಲಿಲ್ಲ. ಮೂವತ್ತು ವರ್ಷದ ಸಂಸಾರ ಅವರಿಗೆ ಯಾವ ಪ್ರಶ್ನೆಗೆ ಉತ್ತರ ಕೊಡಬಾರದು ಎಂದು ಕಲಿಸಿತ್ತು.

“ಸರಿ,” ಎಂದಳು ಅಕ್ಕ. “ಒಂದು ನಾಯಿಗೋಸ್ಕರ ನಾಲಿಗೆ ಕಟ್ಕೋಬೇಕು. ಇನ್ಮೇಲೆ ಅನ್ನಲ್ಲ ಬಿಡು.”

ಹಾಗಾಗಿ ಪದವನ್ನೇ ಬದಲಾಯಿಸಬೇಕಾಯಿತು. ಮತ್ತೆ ತಪ್ಪಾಗಬಾರದೆಂದು ಸಂಜೆ ತರಗತಿಯ ಕಾಲದ ನಿಘಂಟು ತೆಗೆದು, ನಮ್ಮ ಮನೆಯಲ್ಲಿ ಯಾರೂ, ಯಾವತ್ತೂ, ಜಗಳದಲ್ಲಿ ಕೂಡ ಆಡದ ಪದ ಹುಡುಕಿದೆ. ‘ವರ್ಜಿಸು.’

“ವರ್ಜಿಸು!” ಅಕ್ಕ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. “ಕೋಳಿ ಹಿಡಿಯೋ ನಾಯಿಗೆ ವ್ಯಾಕರಣ ಪಾಠ. ಪಾಸಾದ್ರೆ ಸರ್ಟಿಫಿಕೇಟೂ ಕೊಡಿಸೇ.”

ಉಳಿದಿದ್ದು ಐದು ದಿನ. ಗುಂಡಿ ‘ವರ್ಜಿಸು’ ಕೇಳಿದಾಗ ತಲೆ ಓರೆ ಮಾಡಿ ನನ್ನ ಬಾಯನ್ನೇ ನೋಡುತ್ತಿತ್ತು. ಕೆಲವು ಸಲ ಮುಖ ತಿರುಗಿಸುತ್ತಿತ್ತು. ಅದು ಮಾತಿಗೋ, ಮೊಟ್ಟೆಯ ವಾಸನೆಗೋ ಹೇಳಲಾರೆ. ಅಂಗಡಿಯಲ್ಲಿ ನಾನು ಒಂದು ಅಂಗಿಯ ಗುಂಡಿಗಳನ್ನು ಒಳಮುಖವಾಗಿ ಹೊಲಿದೆ.

ಹದಿನೈದನೇ ದಿನ ಭಾನುವಾರ. ಅಕ್ಕ ತಾನೇ ಜಾಲರಿ ತೆಗೆದಳು. ಷರತ್ತು ಸುಲಭ: ಕೋಳಿಗಳು ಬಿಡುಬೀಸಾಗಿ ಓಡಾಡಬೇಕು, ನಾಯಿ ಹಗ್ಗದಲ್ಲಿ ಹಿತ್ತಲಲ್ಲಿ ಇರಬೇಕು, ಅವಳು ಒಂದು ಲೋಟ ಟೀ ಕುಡಿದು ಮುಗಿಸುವವರೆಗೆ ಏನೂ ಆಗಬಾರದು. ನನ್ನ ಮೇಲೆ ನನಗೇ ನಂಬಿಕೆ ಸಾಲದೆ ಹಗ್ಗವನ್ನು ಭಾವನ ಕೈಗೆ ಕೊಟ್ಟೆ.

“ಗಟ್ಟಿಯಾಗಿ ಹಿಡ್ಕೊಳ್ಳಿ ಭಾವ.”

“ಹೂಂ.”

ಅರ್ಧ ಲೋಟದವರೆಗೆ ಏನೂ ಆಗಲಿಲ್ಲ. ಗುಂಡಿ ಕುಳಿತು ನೆಲ ಮೂಸುತ್ತಿತ್ತು. ಆಗ ‘ಹೆಡ್‌ಮಿಸ್’ ಬಂತು. ಕತ್ತು ಮುಂದೆ ಹಾಕಿ, ತಡವಾಗಿ ಬಂದ ಮಕ್ಕಳನ್ನು ಹುಡುಕುವ ಹಾಗೆ ನಡೆಯುವ ದಪ್ಪ ಕೆಂಪು ಕೋಳಿ. ಅಕ್ಕನಿಗೆ ಆರರಲ್ಲಿ ಅದೇ ಹೆಚ್ಚು. ಅದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಲು ಹೋಗಿ, ಕಾಲು ಜಾರಿ, ಎರಡೂ ರೆಕ್ಕೆ ಪಟಪಟ ಬಡಿದು ನೇರ ಗುಂಡಿಯ ಮೂಗಿನ ಮುಂದೆ ಬಿತ್ತು.

ಗುಂಡಿ ಎಗರಿತು. ಹಗ್ಗ ಬಿಗಿಯಾಯಿತು. ನಾನು ಬಾಯಿ ತೆರೆದೆ. “ವ… ವ…” ಐದು ದಿನ ಉರು ಹೊಡೆದ ಪದ ಮೊದಲ ಅಕ್ಷರ ದಾಟಲಿಲ್ಲ. ಬಂದದ್ದು ಬೇರೆ.

“ಬಿಡು!”

ಭಾವ ಹಗ್ಗ ಬಿಟ್ಟರು.

ಅವರದು ತಪ್ಪಿಲ್ಲ. ಆ ಮನೆಯಲ್ಲಿ ಹೆಂಗಸಿನ ದನಿಯಲ್ಲಿ ‘ಬಿಡು’ ಎಂದು ಕೇಳಿದರೆ ಕೈಯಲ್ಲಿದ್ದುದನ್ನು ಬಿಡುವುದೇ ಅವರ ಅಭ್ಯಾಸ. ಅಕ್ಕ ಲೋಟ ಎತ್ತಿದ ಹಾಗೇ ನಿಂತು, ತೇಲುಗಣ್ಣು ಮಾಡಿ, “ಹೋಯ್ತು ಬಿಡು, ನನ್ನ ಹೆಡ್‌ಮಿಸ್ ಹೋಯ್ತು!” ಎಂದು ಕೂಗಿದಳು.

ಗುಂಡಿ ನಿಂತಿತು.

ಬಾಯಿ ತೆರೆದೇ ಇತ್ತು. ಕೋಳಿ ಒಂದು ಗೇಣು ದೂರದಲ್ಲಿತ್ತು. ಗುಂಡಿ ಬಾಯಿ ಮುಚ್ಚಿತು, ಮುಖ ತಿರುಗಿಸಿತು, ಹಗ್ಗ ಎಳೆದುಕೊಂಡು ನಡೆದು ಹೋಯಿತು. ನನ್ನ ಹತ್ತಿರಕ್ಕಲ್ಲ, ಅಕ್ಕನ ಹತ್ತಿರ. ಅವಳ ಎಡಗೈಯನ್ನು ಮೂಸಿ, ಮುಂದೆ ಕುಳಿತು, ಕಾದಿತು. ಹೆಡ್‌ಮಿಸ್ ಎದ್ದು, ಗರಿ ಕೊಡವಿ, ಹೋಗುವ ದಾರಿಯಲ್ಲಿ ಗುಂಡಿಯ ಬಾಲಕ್ಕೊಂದು ಕುಕ್ಕು ಕೊಟ್ಟಿತು. ಗುಂಡಿ ಅದಕ್ಕೂ ತಿರುಗಲಿಲ್ಲ.

ಭಾವ ತಮ್ಮ ಖಾಲಿ ಕೈ ನೋಡಿಕೊಳ್ಳುತ್ತಿದ್ದರು. ಅಕ್ಕ ಉಳಿದ ಟೀಯನ್ನು ನಿಧಾನವಾಗಿ ಕುಡಿದು, ಲೋಟವನ್ನು ಕಲ್ಲಿನ ಮೇಲಿಟ್ಟಳು.

“ವಾಚ್‌ಮನ್‌ಗೆ ಬೇರೆ ನಾಯಿ ನೋಡ್ಕೊಳ್ಳೋಕೆ ಹೇಳಿ ರೀ,” ಎಂದಳು. ಆಮೇಲೆ ನನಗೆ, “ಇದು ಇಲ್ಲೇ ಇರ್ಲಿ ಬಿಡು.”

ಗುಂಡಿ ಮತ್ತೆ ಅವಳ ಕೈ ಮೂಸಿತು.

ಈಗ ಆರು ತಿಂಗಳಾಯಿತು. ಕೋಳಿಗಳು ಆರೇ ಇವೆ. ನಾನು ಕೆಲಸಕ್ಕೆ ಹೋಗುವಾಗ ಈಗಲೂ ಗುಂಡಿಯನ್ನು ಮುಂದಿನ ಕೋಣೆಯಲ್ಲಿ ಬಿಟ್ಟು, ಬಾಗಿಲು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ವಾಪಸ್ ಬಂದು ನೋಡುತ್ತೇನೆ.

ಆ ದಿನ ಅದು ನನ್ನ ‘ಬಿಡು’ಗೆ ನಿಂತಿತೋ, ಅಕ್ಕನ ‘ಬಿಡು’ಗೋ ನನಗೆ ಗೊತ್ತಿಲ್ಲ. ನಾನು ಅಂಗಡಿಯಲ್ಲಿದ್ದಾಗ ಅಕ್ಕ ಗುಟ್ಟಾಗಿ ಅದಕ್ಕೆ ಮೊಟ್ಟೆ ಕೊಟ್ಟು ಪಾಠ ಮಾಡಿದ್ದಳೋ ಏನೋ, ಅದೂ ಗೊತ್ತಿಲ್ಲ. ಒಂದು ಸಲ ಕೇಳಿದೆ. “ನಂಗೇನು ಬೇರೆ ಕೆಲ್ಸ ಇಲ್ವಾ, ಬಿಡು,” ಎಂದಳು.