ಗಾದಿ ಗೋಡೆಯ ಸ್ಟುಡಿಯೊ

“ಹೆಗಲು ಬದಲಿಸ್ರಿ, ಮುಂದೆ ಬರ್ರಿ,” ಎಂದು ಹಿಂದಿನಿಂದ ಯಾರೋ ಅಂದರು. ಕೊಟ್ಟೂರೇಶ್ ಕೇಳಿಸದವನಂತೆ ನಡೆದ. ಜನಾಜಾ ಹೊತ್ತವರು ಹತ್ತು ಹೆಜ್ಜೆಗೊಮ್ಮೆ ಬದಲಾಗುವುದು ವಾಡಿಕೆ, ಪುಣ್ಯ ಎಲ್ಲರಿಗೂ ಸಿಗಲಿ ಎಂದು. ಇವನು ಹರಿಹರದ ಗೆಳೆಯನ ಮನೆಯಿಂದ ಮಸೀದಿಯ ಗೇಟಿನವರೆಗೂ ಹೆಗಲ ಮೇಲಿನ ಚಟ್ಟದ ಕಂಬ ಬಿಡದೆ ಬಂದಿದ್ದ.

“ಅಣ್ಣ, ಸಾಕು ಬಿಡ್ರಿ. ಬ್ಯಾರೆಯೋರೂ ಕಾಯ್ತಾ ಅದಾರೆ,” ಎಂದ ತೌಸೀಫ್. ತೀರಿಕೊಂಡ ಖಾಜಾ ಹುಸೇನನ ತಮ್ಮ ಅವನು.

ಕೊಟ್ಟೂರೇಶ್ ಬಿಟ್ಟ. ನಲವತ್ತಾರು ವರ್ಷದ ಖಾಜಾ ನಿನ್ನೆ ಸಂಜೆ ತನ್ನ ಗಾದಿ ಅಂಗಡಿಯಲ್ಲಿ ಹತ್ತಿ ಬಡಿಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಆಟೋ ಬರುವಷ್ಟರಲ್ಲಿ ಮುಗಿದಿತ್ತು. ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಯಲ್ಲಿದ್ದ ಕೊಟ್ಟೂರೇಶನಿಗೆ ಫೋನ್ ಬಂದಾಗ ಮೊದಲು ಅಳು ಬರಲಿಲ್ಲ. ಇನ್ನು ಅವನಿಗೆ ಆ ವಿಷಯ ಹೇಳಬೇಕಾಗಿಲ್ಲ ಎಂಬ ನಿರಾಳ ಬಂತು. ಥೂ, ಎಂಥ ಮನುಷ್ಯ ನಾನು ಎಂದು ತನಗೆ ತಾನೇ ಬೈದುಕೊಂಡು ಶಟರ್ ಎಳೆದಿದ್ದ.

ಅಂಗಳದಲ್ಲಿ ಜನಾಜಾ ಇಳಿಸಿದರು. ನಮಾಜಿಗೆ ಸಾಲು ನಿಲ್ಲುವ ಮೊದಲು ತೌಸೀಫ್ ಜನರ ಕಡೆ ತಿರುಗಿದ.

“ನಮ್ಮಣ್ಣ ಯಾರದಾದ್ರೂ ಮನಸು ನೋಯಿಸಿದ್ರೆ, ಮಾತಿಗೆ ತಪ್ಪಿದ್ರೆ, ಅಲ್ಲಾನ ವಾಸ್ತೆ ಮಾಫ್ ಮಾಡ್ರಿ.”

“ಮಾಫ್, ಮಾಫ್,” ಎಂದರು ಜನ.

ಚಪ್ಪಲಿ ಬಿಡುವ ಜಾಗದಲ್ಲಿ ಕೊಟ್ಟೂರೇಶನ ಪಕ್ಕಕ್ಕೆ ಹನುಮಂತಪ್ಪ ನಿಂತಿದ್ದರು. ಖಾಜಾನ ಅಂಗಡಿ ಪಕ್ಕದ ಸೈಕಲ್ ರಿಪೇರಿಯವರು.

“ಇವ್ನು ಯಾರ ಮನಸು ನೋಯಿಸ್ಯಾನ್ರಿ,” ಎಂದರು ಅವರು. “ನೀವು ಆ ಬ್ಯಾಂಡಿನೋರಲ್ವಾ? ನಿಮ್ಮ ಸಿಡಿ ಅಂಗಡಿಯಾಗೆ ಇಟ್ಕಂಡಿದ್ದ. ಅದ್ರಾಗೆ ಡ್ರಮ್ ಬಾರ್ಸಿದ್ದು ಇವ್ನೇ ಅಂತಲ್ಲ?”

“ಹೌದ್ರಿ,” ಎಂದ ಕೊಟ್ಟೂರೇಶ್.

ಹೆಣದ ಮುಂದೆಯೂ ಸುಳ್ಳು. ಸತ್ತವನ ಪರವಾಗಿ ಕ್ಷಮೆ ಕೇಳುವುದಕ್ಕೆ ಒಂದು ಪದ್ಧತಿ ಇತ್ತು. ಸತ್ತವನನ್ನೇ ಕ್ಷಮೆ ಕೇಳಬೇಕಾದವನು ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

*

ಹದಿಮೂರು ವರ್ಷದ ಹಿಂದೆ ಅವರ ಬ್ಯಾಂಡಿನ ಹೆಸರು ‘ಭೋಂಗಾ’. ದಾವಣಗೆರೆಯ ಮಿಲ್ಲುಗಳು ಮುಚ್ಚಿ, ಪಾಳಿಗೆ ಕೂಗುವ ಭೋಂಗಾ ನಿಂತು ಎಷ್ಟೋ ಕಾಲವಾಗಿತ್ತು. ಆ ಸದ್ದು ನಾವು ಮಾಡೋಣ ಎಂಬ ಹುಮ್ಮಸ್ಸು. ಹಾಡು, ಗಿಟಾರ್ ಕೊಟ್ಟೂರೇಶ್. ಬೇಸ್ ಗಿಟಾರ್ ತೌಸೀಫ್. ಡ್ರಮ್ ಖಾಜಾ. ಥ್ರ್ಯಾಶ್ ಮೆಟಲ್ ಎಂಬ ಅಬ್ಬರದ ಸಂಗೀತದ ವೇಗ, ಪಂಕ್ ರಾಕಿನ ಬೈಗುಳ, ಎರಡನ್ನೂ ಕಲಸಿ ಒಂದೂವರೆ ನಿಮಿಷದಲ್ಲಿ ಮುಗಿಸುವ ಹಾಡುಗಳು. ಅದಕ್ಕೆ ಕ್ರಾಸ್‌ಓವರ್ ಥ್ರ್ಯಾಶ್ ಅನ್ನುತ್ತಾರೆಂದು ಊರಲ್ಲಿ ಹತ್ತು ಜನಕ್ಕೆ ಗೊತ್ತಿತ್ತೋ ಇಲ್ಲವೋ. ಹನ್ನೊಂದು ಹಾಡಿನ ಆಲ್ಬಮ್ಮಿಗೆ ‘ಮೂರನೇ ಪಾಳಿ’ ಎಂದು ಹೆಸರಿಟ್ಟರು.

ಸ್ಟುಡಿಯೊ ಎಂದರೆ ಕೊಟ್ಟೂರೇಶನ ಅಪ್ಪನ ಗೋದಾಮಿನ ಮೇಲಿನ ಕೋಣೆ. ಸದ್ದು ಹೊರಗೆ ಹೋದರೆ ಓಣಿಯವರು ಸುಮ್ಮನಿರುವುದಿಲ್ಲ. ಖಾಜಾ ಹರಿಹರದಿಂದ ಟೆಂಪೋದಲ್ಲಿ ಹದಿನಾಲ್ಕು ಹೊಸ ಗಾದಿ ಹೇರಿಕೊಂಡು ಬಂದ.

“ಲೇ ಖಾಜಾ, ಮದುವೆ ಆರ್ಡರಿನವಲ್ವೇನೋ ಇವು?”

“ಮುಂದಿನ ತಿಂಗಳು ಮದುವಿ. ಅಲ್ಲಿ ತನ್ಕ ನಮ್ಮ ಗದ್ಲ ಕೇಳ್ಲಿ ತಗಾ.”

ನಾಲ್ಕು ಗೋಡೆಗೆ, ಬಾಗಿಲಿಗೆ, ಸೂರಿಗೂ ಗಾದಿ ಕಟ್ಟಿದರು. ಒಂಬತ್ತು ದಿನ ಖಾಜಾ ಬೆವರು ಸುರಿಸಿ ಬಾರಿಸಿದ. ಹತ್ತಿ ಬಡಿದು ಪಳಗಿದ ಕೈ, ಒಂದು ಪೆಟ್ಟೂ ತಪ್ಪಲಿಲ್ಲ. ಕೆಡಿಸಿದ್ದು ಗಾದಿ. ಅಷ್ಟೊಂದು ಹತ್ತಿ ಡ್ರಮ್ಮಿನ ಸದ್ದನ್ನೆಲ್ಲ ಕುಡಿದು ಬರೀ ದಪದಪ ಉಳಿಸಿತ್ತು.

ರೆಕಾರ್ಡ್ ಮಾಡಿದ್ದನ್ನು ಹದಗೊಳಿಸುವ ಮಿಕ್ಸಿಂಗಿಗೆ ಕೊಟ್ಟೂರೇಶ್ ಒಬ್ಬನೇ ಹುಬ್ಬಳ್ಳಿಗೆ ಹೋದ. ಅಲ್ಲಿಯ ಸೌಂಡ್ ಎಂಜಿನಿಯರ್ ಎರಡು ನಿಮಿಷ ಕೇಳಿ ಹೆಡ್‌ಫೋನ್ ತೆಗೆದಿಟ್ಟ.

“ಇದು ಡ್ರಮ್ಮೇನ್ರೀ? ಗಾದಿ ಬಡದಂಗ ಐತಿ.”

“ಅವ್ನು ಗಾದಿ ಮಾಡೋನೇ,” ಎಂದ ಕೊಟ್ಟೂರೇಶ್.

ಇಬ್ಬರೂ ನಕ್ಕರು. ಗೋಡೆಗೆ ಗಾದಿ ಕಟ್ಟಿದ್ದರಿಂದ ಹೀಗಾಯಿತು, ಬಾರಿಸಿದವನ ತಪ್ಪಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಖಾಜಾ ಬಾರಿಸಿದ್ದನ್ನು ಅಳಿಸಿ ಕಂಪ್ಯೂಟರ್ ಡ್ರಮ್ ಕೂರಿಸಿದರು. ಕವರಿನ ಮೇಲೆ ‘ಡ್ರಮ್ಸ್: ಖಾಜಾ ಹುಸೇನ್’ ಎಂದು ದಪ್ಪಕ್ಷರದಲ್ಲಿ ಹಾಕಿಸಿ, ಅದೇ ದೊಡ್ಡ ಉಪಕಾರ ಎಂಬಂತೆ ಕೊಟ್ಟೂರೇಶ್ ಮೊದಲ ಸಿಡಿಯನ್ನು ಅವನ ಕೈಗೇ ಕೊಟ್ಟ.

ಎರಡು ವಾರಕ್ಕೆ ಖಾಜಾ ಮುಂಗೈ ನೋವು ಎಂದ. ಬಿಡುಗಡೆಯ ಕಾರ್ಯಕ್ರಮಕ್ಕೆ ಬರಲಿಲ್ಲ. ಡ್ರಮ್ ಸೆಟ್ಟನ್ನು ಯಾವುದೋ ಶಾಲೆಗೆ ಕೊಟ್ಟುಬಿಟ್ಟ. ಪಾಪ, ಕೈ ನೋವು ಎಂದು ಕೊಟ್ಟೂರೇಶ್ ನಂಬಿದ, ನಂಬುವುದು ಸುಲಭವಿತ್ತು. ಹರಿಹರಕ್ಕೆ ಹೋದಾಗಲೆಲ್ಲ ಆ ಕೈ ನೋವಿನವನು ಎರಡು ಕೋಲು ಹಿಡಿದು ಹತ್ತಿ ಬಡಿಯುವುದನ್ನು ಅವನು ಕಣ್ಣಾರೆ ಕಂಡಿದ್ದ. ಖಾಜಾ ಚಾ ತರಿಸುತ್ತಿದ್ದ. ಆಲ್ಬಮ್ಮಿನ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

*

ಮೂರು ಹಿಡಿ ಮಣ್ಣು ಹಾಕುವಾಗ ಮಾತು ಗಂಟಲಿಗೆ ಬಂತು. ಸುತ್ತ ಜನ ಇದ್ದರು. ಖಾಜಾನ ಮಗಳಿಗಾದರೂ ಹೇಳಲೇಬೇಕು ಎಂದುಕೊಂಡು ಕೊಟ್ಟೂರೇಶ್ ಖಬರಸ್ತಾನದಿಂದ ಅವರ ಮನೆಗೆ ಬಂದ.

ಒಳಗೆ ಖಾಜಾನ ಹೆಂಡತಿ ಅಖ್ತರ್ ಬಾನು ಹೆಂಗಸರ ನಡುವೆ ಕೂತಿದ್ದಳು. ಡಿಗ್ರಿ ಓದುತ್ತಿದ್ದ ಮಗಳು ಸುಮೈರಾ ಹೊರಗಿದ್ದ ಗಂಡಸರಿಗೆ ನೀರು ಕೊಟ್ಟು ಅವನ ಹತ್ತಿರ ಬಂದಳು.

“ಕೊಟ್ರೇಶ್ ಅಂಕಲ್, ಒಂದ್ನಿಮಿಷ ಈಕಡೆ ಬರ್ರಿ.”

ಮಹಡಿ ಮೆಟ್ಟಿಲ ಮೇಲೆ ಕೂತರು.

“ಸುಮೈರಾ, ನಿಂಗೊಂದು ವಿಷಯ ಹೇಳಬೇಕವ್ವ. ಆ ಆಲ್ಬಮ್ಮಿನಾಗೆ...”

“ನಾನೂ ಅದನ್ನೇ ಕೇಳ್ಬೇಕಿತ್ತು. ಇವತ್ತು ಮನ್ಯಾಗೆ ಹಾಡು ಹಾಕಬಾರ್ದು, ಗೊತ್ತು. ಇದು ಹಾಡಲ್ಲ, ಅಬ್ಬಾನ ಧ್ವನಿ.”

ಇಯರ್‌ಫೋನಿನ ಒಂದು ತುದಿ ತಾನಿಟ್ಟುಕೊಂಡು ಇನ್ನೊಂದನ್ನು ಅವನಿಗೆ ಕೊಟ್ಟಳು. ಎರಡು ಕೋಲು ಒಂದಕ್ಕೊಂದು ತಾಗಿದವು, ನಾಲ್ಕು ಸಲ. ಜೊತೆಗೆ ಖಾಜಾನ ಆಗಿನ ಧ್ವನಿ: “ಏಕ್, ದೋ, ತೀನ್, ಚಾರ್.” ಸುಮೈರಾ ಅಲ್ಲಿಗೇ ನಿಲ್ಲಿಸಿದಳು.

ಆಲ್ಬಮ್ಮಿನ ಹಾಡಿಗೆ ಮುಂಚಿನ ಆ ಎಣಿಕೆಯೊಂದನ್ನು ಎಂಜಿನಿಯರ್ ಅಳಿಸದೆ ಬಿಟ್ಟಿದ್ದ. ಕೊಟ್ಟೂರೇಶನಿಗೆ ಮರೆತೇಹೋಗಿತ್ತು.

“ಅಬ್ಬಾ ಯಾವಾಗ್ಲೂ ಇಷ್ಟೇ ಕೇಳಿಸ್ತಿದ್ರು,” ಎಂದಳು ಸುಮೈರಾ. “ಮುಂದಿಂದು ಹಾಕ್ರಿ ಅಂದ್ರೆ, ಇಷ್ಟೇ ನಂದು, ಮುಂದಿಂದು ನಂದಲ್ಲ ಅಂತಿದ್ರು. ಹಂಗಂದ್ರೆ ಏನು, ಅಂಕಲ್ನ ಕೇಳ್ತೀನಿ ಅಂದೆ. ಬ್ಯಾಡ, ಕೊಟ್ರ ಭಾಳ ನಾಚ್ಕೆಂತಾನೆ, ನಾನಿರೋ ತನ್ಕ ಕೇಳಬ್ಯಾಡ ಅಂದ್ರು. ಯಾಕ ಅಂಕಲ್?”

ಹದಿಮೂರು ವರ್ಷ ಚಾ ಕುಡಿಸಿದವನಿಗೆ ಎಲ್ಲ ಗೊತ್ತಿತ್ತು.

“ಮುಂದಿಂದು ನಾನು ತೆಗೆಸಿದೆ,” ಎಂದ. “ಮಿಷನ್ನಿಂದ ಬಾರಿಸಿದೆ. ನಿಮ್ಮಪ್ಪಗೆ ಹೇಳ್ಲಿಲ್ಲ. ಹೆಸರು ಮಾತ್ರ ಹಾಕ್ದೆ.”

ಸುಮೈರಾ ಅವನ ಮುಖ ನೋಡಿದಳು. ಕೈ ಚಾಚಿ ಅವನ ಕಿವಿಯಲ್ಲಿದ್ದ ಇಯರ್‌ಫೋನ್ ಮೆಲ್ಲಗೆ ತೆಗೆದು, ದುಪಟ್ಟಾದ ಅಂಚಿನಿಂದ ಒರೆಸಿ, ತನ್ನ ಇನ್ನೊಂದು ಕಿವಿಗೆ ಇಟ್ಟುಕೊಂಡಳು. ಆಮೇಲೆ ಫೋನನ್ನು ಮತ್ತೆ ಒತ್ತಿದಳು. ಅವನಿಗೇನೂ ಕೇಳಿಸಲಿಲ್ಲ. ಅವಳ ತುಟಿ ಮಾತ್ರ ನಾಲ್ಕರವರೆಗೆ ಎಣಿಸಿ ನಿಂತಿತು.