ಹಸಿ ಬಣ್ಣದ ವಾಸನೆ

"ಆ ಬ್ರಷ್ ಕೆಳಗಿಡಿ. ಇವತ್ತು ಗೋಡೆ ಮುಟ್ಟಿದ್ರೆ ನನ್ನಾಣೆ."

ಏಣಿಯ ಮೇಲಿದ್ದ ಪೇಂಟರ್ ತಿರುಗಿ ನೋಡಿದ. ಹೆಂಡತಿ ಏಣಿಯ ಕಾಲು ಹಿಡಿದುಕೊಂಡೇ ನಿಂತಿದ್ದಳು.

"ಏನಾಯ್ತೇ ನಿಂಗೆ? ಮನೆ ನೋಡೋಕೆ ಜನ ಬರೋ ಹೊತ್ತು. ಮೂಲೆ ಮಾಸಿದೆ, ಒಂದು ಕೈ ಎಳೆದ್ಬಿಡ್ತೀನಿ."

"ಎಳೆದಿದ್ದು ಸಾಕು. ಆ ನಿಮ್ಮ ಕೈಯಿಂದಲೇ ಮನೆ ಮಾರಾಟ ಆಗ್ದೆ ಕೂತಿರೋದು."

ಮನೆ ಮಾರಾಟಕ್ಕಿಟ್ಟು ವರ್ಷ ದಾಟಿತ್ತು. ಕೊಳ್ಳುವವರೇ ಅಪರೂಪವಾಗಿದ್ದ ಕಾಲ. ಯಾರೋ ಬರುತ್ತಾರೆ ಎಂದು ತಿಳಿದರೆ ಸಾಕು, ಪೇಂಟರ್ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದು ಒಂದಾದರೂ ಗೋಡೆ ಬಳಿಯುತ್ತಿದ್ದ. ಬಂದವರು ಮೂಗರಳಿಸಿ, ಎರಡು ಒಳ್ಳೆಯ ಮಾತಾಡಿ ಮೆಟ್ಟಿಲಿಳಿದರೆ ಮತ್ತೆ ಇತ್ತ ತಲೆ ಹಾಕುತ್ತಿರಲಿಲ್ಲ. ಕೊನೆಗೆ ಅಂದು ಬೆಳಿಗ್ಗೆ, ಟೈಲರ್ ಆಗಿದ್ದ ಹೆಂಡತಿಯ ಬಳಿ ಅಂಗಿ ಹೊಲಿಸಲು ಬಂದ ಬ್ರೋಕರ್ ಬಾಯಿಬಿಟ್ಟಿದ್ದ: "ಬೇಜಾರು ಮಾಡ್ಕೋಬೇಡಿ ಅಕ್ಕ. ಎಲ್ರದ್ದೂ ಒಂದೇ ಮಾತು. ಹಸಿ ಬಣ್ಣದ ವಾಸನೆ ಬರ್ತಿದೆ, ಗೋಡೆ ಸೋರ್ತಿರಬೇಕು, ಮುಚ್ಚಿಟ್ಟಿದಾರೆ ಅಂತ."

ನಗಬೇಕೋ ಅಳಬೇಕೋ ತಿಳಿಯದೆ ಅವಳು ಹೊಲಿಗೆ ಯಂತ್ರದ ಮುಂದೆ ಕೂತುಬಿಟ್ಟಿದ್ದಳು. ಆಮೇಲೆ ಎದೆಯೊಳಗೆ ಏನೋ ಕುಣಿಯತೊಡಗಿತು. ಹಾಗಾದರೆ ಮನೆಗೇನೂ ಕೇಡಿಲ್ಲ, ಇದು ಮಾರಿಹೋಗುವ ಮನೆಯೇ. ಮದುವೆಯಾದಾಗಿನಿಂದ ಅಡುಗೆಮನೆಯ ಮೂಲೆಯಲ್ಲಿ ಕೂತು ಹೊಲಿದವಳು ಅವಳು. ಮುಖ್ಯರಸ್ತೆಯಲ್ಲಿ ಒಂದು ಪುಟ್ಟ ಮನೆ ಖಾಲಿಯಿತ್ತು. ಅದರ ಮುಂದಿನ ಕೋಣೆಯ ಬಾಗಿಲು, ಹೊಲಿಗೆ ಅಂಗಡಿಗೆ ಹೇಳಿಮಾಡಿಸಿದಂತೆ, ನೇರ ಬೀದಿಗೇ ತೆರೆಯುತ್ತಿತ್ತು. ಈ ವಾರ ಕಳೆದರೆ ಅದು ಬೇರೆಯವರ ಪಾಲು.

ಬಂದವರು ಗಂಡ ಹೆಂಡತಿ. ಅವನು ಬಸ್ ಡ್ರೈವರ್, ಅವಳು ನರ್ಸ್. ಅವನ ತಾಯಿ ಕೆಳಗೆ ಆಟೋದಲ್ಲೇ ಕೂತಿದ್ದರು; ಮನೆ ಹಿಡಿಸಿದರಷ್ಟೇ ಅವರು ಮೆಟ್ಟಿಲು ಹತ್ತುವುದು. ನರ್ಸ್ ಗೋಡೆಯಿಂದ ಗೋಡೆಗೆ ಕಣ್ಣಾಡಿಸಿದಳು. "ಬಣ್ಣ ಚೆನ್ನಾಗಿದೆ. ಆದ್ರೆ ಇದರ ಕೆಳಗೆ ಏನಿದೆಯೋ."

ಪೇಂಟರ್ ಬಾಯಿ ತೆರೆಯುವ ಮೊದಲೇ ಹೆಂಡತಿ ಸೆರಗು ಸಿಕ್ಕಿಸಿದಳು. "ಡ್ರೈವರಣ್ಣ, ಈ ಬೀರು ಸ್ವಲ್ಪ ತಳ್ಳಿ. ರೀ, ನೀವೂ ಕೈ ಹಾಕಿ."

"ಅಯ್ಯೋ, ಅದರ ಹಿಂದೆ ಯಾಕೇ?" ಪೇಂಟರ್ ಗಾಬರಿಯಾದ.

ಬೀರು ಕಿರುಗುಟ್ಟಿ ಸರಿಯಿತು. ಹಿಂದೆ ಮಾಸಿದ ಹಸಿರು ಗೋಡೆ, ಜೇಡರ ಬಲೆ, ಮೂಲೆಯಲ್ಲಿ ಬ್ರಷ್ಷಿನ ಸೊಟ್ಟ ಗೆರೆ.

"ಮಳೆ ನೇರವಾಗಿ ಹೊಡೆಯೋದು ಈ ಗೋಡೆಗೇ. ಬಂದ ಹೊಸದ್ರಲ್ಲಿ ಬಣ್ಣ ಬಳಿದು ಬೀರು ಇಟ್ಟಿದ್ದು, ಆಮೇಲೆ ಕದಲಿಸಿಲ್ಲ. ಮುಟ್ಟಿ ನೋಡಮ್ಮ."

ನರ್ಸ್ ಜ್ವರ ನೋಡುವವಳಂತೆ ಅಂಗೈ ಮಗುಚಿ ಗೋಡೆಗಿಟ್ಟಳು. ಮೇಲಿಟ್ಟಳು, ಕೆಳಗಿಟ್ಟಳು, ಬಗ್ಗಿ ನೆಲದಂಚಿಗೂ ಇಟ್ಟಳು. ಟೈಲರಮ್ಮನ ಕಣ್ಣು ಆ ಕೈಯ ಹಿಂದೆಯೇ ಓಡಾಡಿತು.

"ಒಣಗಿದೆ ರೀ," ಎಂದಳು ನರ್ಸ್, ಗಂಡನಿಗೆ.

"ಅದು ನಾನು ಕೆಲಸ ಕಲೀವಾಗ ಬಳಿದಿದ್ದಮ್ಮ," ಪೇಂಟರ್‌ಗೆ ತಡೆಯಲಾಗಲಿಲ್ಲ. "ಗೆರೆ ನೋಡಿ ನಗಬೇಡಿ."

"ನಮ್ಮ ಯಜಮಾನ್ರು ಮೊದಮೊದಲು ಬಸ್ ಓಡಿಸ್ತಿದ್ದಿದ್ದೂ ಹೀಗೇ," ಎಂದಳು ನರ್ಸ್. ಡ್ರೈವರ್ ಎಲ್ಲರಿಗಿಂತ ಜೋರಾಗಿ ನಕ್ಕ.

ನರ್ಸ್ ಕಿಟಕಿಗೆ ಹೋಗಿ ಕೆಳಗೆ ಬಗ್ಗಿದಳು. "ಅತ್ತೇ, ಆಟೋ ಕಳಿಸ್ಬಿಡಿ. ನೀವೂ ಮೇಲೆ ಬನ್ನಿ, ನೋಡುವಿರಂತೆ."

ಆಟೋ ಹೊರಟ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ನಿಧಾನವಾಗಿ ಏರಿತು, ನಡುವೆ ಒಮ್ಮೆ ನಿಂತಿತು, ಮತ್ತೆ ಏರತೊಡಗಿತು. ಟೈಲರಮ್ಮ ಹೋಗಿ ಬಾಗಿಲಿನ ಎರಡೂ ಕದಗಳನ್ನು ಪೂರ್ತಿ ತೆರೆದಳು.